ಚಂದ್ರವ್ವ ಎತ್ತಿಟ್ಟ ಬಾಟಲಿಗಳು

2025ರ ಜನವರಿ 13, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಬೆಳಗಾವಿಯ ಖಾಸಬಾಗದ ನೇಕಾರ ಶಿವಲಿಂಗ ಠಾಣೆಯ ಮೆಟ್ಟಿಲು ಹತ್ತಿ ಬಂದ. ಒಂದು ಕೈಯಲ್ಲಿ ದೂರಿನ ಅರ್ಜಿ, ಇನ್ನೊಂದು ಕೈಯಲ್ಲಿ ಮೂರು ತಿಂಗಳ ಕೂಸು. ಹೆಡ್ ಕಾನ್‌ಸ್ಟೇಬಲ್ ಬಾಳಾಸಾಹೇಬ ಕೂಸನ್ನು ನೋಡಿದ್ದೇ ತಡ, ತನ್ನ ಕುರ್ಚಿ ಬಿಟ್ಟುಕೊಟ್ಟ. ದೊಡ್ಡ ಸಾಹೇಬರು ಬಂದಾಗಲೂ ಆತ ಅರ್ಧವೇ ಏಳುವವನು ಎಂದು ಠಾಣೆಯಲ್ಲಿ ಎಲ್ಲರೂ ಚೇಷ್ಟೆ ಮಾಡುತ್ತಿದ್ದರು.

"ಏನಾತು ಹೇಳ್ರಿ," ಎಂದಳು ಇನ್‌ಸ್ಪೆಕ್ಟರ್ ಪೂರ್ಣಿಮಾ.

"ನನ್ನ ಹೆಂಡ್ತಿ ಪೂನಮ ಶುಕ್ರವಾರ ತೀರಿಕೊಂಡ್ಲುರಿ. ಹಾಲು ಕಟ್ಟಿ ಎದಿಯೊಳಗ ಕೀವು ಆಗಿತ್ತು. ಸ್ಕ್ಯಾನಿಂಗ್‌ದಾಗ ನೋಡಕೋತ ಸೂಜಿಲೆ ತಗೀತೀವಿ, ಸಂಜೀಕ ಮನಿಗೆ ಹೋಗ್ರಿ ಅಂದ್ರು. ಹೋದ್ವಿ. ಮರುದಿನ ಚಳಿಜ್ವರ ಚಾಲೂ ಆತು. ಆಮ್ಯಾಲೆ ಆಕಿ ಏಳಲೇ ಇಲ್ಲ."

"ಆಸ್ಪತ್ರ್ಯಾವ್ರು ಏನಂದ್ರು?"

"ಬಾಣಂತಿ ನಂಜು ಅಂದ್ರು. ಮೂರು ತಿಂಗಳ ಮ್ಯಾಲೆ ಅದೆಂಥಾ ಬಾಣಂತಿ ನಂಜುರಿ? ಮತ್ತ ಇನ್ನೊಂದು. ಅವತ್ತು ನಮ್ಮ ಬಾಜೂಕ ಖಾನಾಪುರದ ಹೆಣ್ಮಗಳು ಕುಂತಿದ್ಲು, ಮಾಲಾ ಅಂತ. ಆಕಿಗೂ ಮರುದಿನ ಅಲ್ಲೇ ಸೂಜಿ ಹಾಕ್ಯಾರ. ನಿನ್ನೆ ಆಕಿ ಅಣ್ಣ ಔಷಧ ಅಂಗಡ್ಯಾಗ ಭೆಟ್ಟಿ ಆಗಿದ್ದ. ಆಕಿನೂ ಈಗ ಐಸಿಯುದಾಗ ಅದಾಳ್ರಿ. ನಮ್ಮಾಕಿ ಅಂತೂ ಹೋದ್ಲು. ಆಕಿಯರೆ ಉಳೀಲಿ."

ಹೆಂಡತಿಯನ್ನು ಮಣ್ಣು ಮಾಡಿ ಮೂರು ದಿನ ಕಳೆದಿಲ್ಲ, ಪರರ ಮನೆಯ ಹೆಣ್ಣುಮಗಳ ಬಗ್ಗೆ ಮರುಗುವ ಈ ಮನುಷ್ಯನ ಅರ್ಜಿಯನ್ನು ಪೂರ್ಣಿಮಾ ತಾನೇ ಕೈಗೆ ತೆಗೆದುಕೊಂಡಳು. ನ್ಯಾಯ ಸಂಹಿತೆಯ 106(1)ನೇ ಕಲಮಿನಡಿ, ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು. ತಜ್ಞರ ಸಮಿತಿಯ ಅಭಿಪ್ರಾಯ ಬರುವವರೆಗೆ ವೈದ್ಯರನ್ನು ಬಂಧಿಸಲು ಬರುವುದಿಲ್ಲವೆಂದು ಅವಳು ತಿಳಿಸಿ ಹೇಳಿದಳು. ಶಿವಲಿಂಗ ಕೇಳಿದ್ದು ಒಂದೇ ಪ್ರಶ್ನೆ.

"ಹೂಳಿದಾಕಿನ್ನ ಮತ್ತ ತಗೀತೀರೇನ್ರಿ?"

"ಆದಷ್ಟು ಮಟ್ಟಿಗೆ ಅದರ ಜರೂರ ಬೀಳದಂಗ ನೋಡತೇನಿ," ಎಂದಳು ಪೂರ್ಣಿಮಾ.

ಮಾಲಾ ಇದ್ದದ್ದು ರಾಮತೀರ್ಥ ನಗರದ ಕಡೆಯ ಬೇರೊಂದು ಆಸ್ಪತ್ರೆಯಲ್ಲಿ. ಐಸಿಯು ವೈದ್ಯೆ ನಾಗರತ್ನಾ ಸುತ್ತುಬಳಸಿ ಮಾತಾಡುವವಳಲ್ಲ.

"ಲಿವರ್‌ನಾಗ ಕೀವು ಇತ್ತು. ಅದನ್ನ ಚಂದಾಗೇ ತಗದಾರ. ಆದ್ರ ತಗ್ಯೂಮುಂದ ಬ್ಯಾರೆ ಯಾವುದೋ ರೋಗಾಣು ರಕ್ತಕ್ಕ ಸೇರೇತಿ. ಇಲ್ಲಿಗೆ ತರೂದ್ರಾಗ ಸಿಕ್ಕ ಸಿಕ್ಕ ಔಷಧ ಕೊಟ್ಟಿದ್ರು, ಅದಕ್ಕ ರಕ್ತ ಪರೀಕ್ಷಾದಾಗ ಏನೂ ಹತ್ತಲಿಲ್ಲ. ನಾ ಈಗ ಕತ್ತಲದಾಗ ಕಲ್ಲು ಒಗ್ಯಾಕತ್ತೇನಿ."

"ಎಲ್ಲಿಂದ ಬಂತು ಅಂತ ಗೊತ್ತಾದ್ರ?"

"ಸರಿಯಾದ ಔಷಧ ಹಾಕತೇನಿ. ಉಳೀತಾಳ. ಇನ್ನೊಂದೆರಡು ದಿನ ಹಿಂಗs ಹೋದ್ರ ನಾ ಮಾತು ಕೊಡಾಂಗಿಲ್ಲ."

"ಇಬ್ಬರಿಗೂ ಒಂದs ಆಗಿದ್ದು ಏನು?"

"ಸೂಜಿ ಪ್ಯಾಕೆಟ್ಟಿನಾಗಿಂದು, ಅದರ ಮ್ಯಾಲೆ ನನಗ ಸಂಶಯ ಇಲ್ಲ. ಸ್ಕ್ಯಾನಿಂಗ್ ಕೋಣಿ ಒಂದs. ಮೈಗೆ ಹಚ್ಚಿದ ಜೆಲ್ ಒಂದs. ಸೂಜಿ ಹಾಕೂದಿದ್ರ ಜೆಲ್ ಸಣ್ಣ ಪಾಕೀಟಿನಾಗಿಂದು, ಒಬ್ಬರಿಗೊಂದು ಹೊಸಾದು ಒಡೀಬೇಕು. ದೊಡ್ಡ ಬಾಟ್ಲಿದು ಹಚ್ಚಿದ್ರ, ಅದರಾಗ ಏನ್ ಬೆಳದಿತ್ತೋ ಅದು ಸೂಜಿ ಹಿಡಕೊಂಡು ಒಳಗ ಹೊಕ್ಕತಿ. ಆ ಬಾಟ್ಲಿ ಹುಡುಕ್ರಿ."

ಮಧ್ಯಾಹ್ನ ಪಂಚರ ಸಮೇತ, ಇಬ್ಬರಿಗೂ ಸೂಜಿ ಹಾಕಿದ್ದ ಖಾಸಬಾಗದ ಖಾಸಗಿ ಆಸ್ಪತ್ರೆಗೆ ಹೋದರೆ ಸ್ಕ್ಯಾನಿಂಗ್ ವಿಭಾಗ ಮದುವೆಮನೆಯ ಹಾಗೆ ಥಳಥಳಿಸುತ್ತಿತ್ತು. ಯಂತ್ರ ಒರೆಸಿ ಇಟ್ಟಿದೆ. ಕಪಾಟಿನಲ್ಲಿರುವ ಜೆಲ್ ಬಾಟಲಿಗಳೆಲ್ಲ ಹೊಸವು, ಸೀಲು ಒಡೆಯದವು. ಸೂಜಿ ಕೆಲಸಕ್ಕೆ ಬೇಕಾದ ಸಣ್ಣ ಪಾಕೀಟುಗಳ ಡಬ್ಬಿಯೂ ಇದೆ, ಅದರ ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿಲ್ಲ.

ವಿಭಾಗದ ಮುಖ್ಯಸ್ಥ ಡಾ. ವಿನಯ, "ಬೆಳಗಾವ್ಯಾಗ ನಮ್ಮಷ್ಟು ಸ್ವಚ್ಛ ವಿಭಾಗ ಇನ್ನೊಂದಿಲ್ಲ," ಎಂದು ಎರಡು ಸಲ ಹೇಳಿದ. ಹಿರಿಯ ತಂತ್ರಜ್ಞ ಗೌರೀಶ ಮಾತ್ರ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಮೂವತ್ತರ ಆಸುಪಾಸಿನ ವಯಸ್ಸು, ನಿದ್ದೆ ಕಾಣದ ಕಣ್ಣು.

"ಹಳೇ ಬಾಟ್ಲಿ ಎಲ್ಲಿ?"

"ಖಾಲಿ ಆಗಿದ್ವು. ಚೆಲ್ಲಿದ್ವಿ."

"ಯಾವಾಗ?"

"ಶನಿವಾರ."

"ಎಲ್ಲಾ ಬಾಟ್ಲಿ ಒಂದs ದಿನ ಖಾಲಿ ಆದ್ವು?"

ಶನಿವಾರವೆಂದರೆ ಪೂನಮ ತೀರಿಕೊಂಡ ಮರುದಿನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಯಾರೂ ಕೇಳುವ ಮೊದಲೇ ಇಲ್ಲಿ ಎಲ್ಲವೂ ತೊಳೆದು ಹೋಗಿತ್ತು. ಯಂತ್ರ ಒರೆಸಿ ತೆಗೆದ ಮಾದರಿಗಳಲ್ಲಿ ಏನೂ ಸಿಗದೆಂದು ಪೂರ್ಣಿಮಾಳಿಗೆ ಅಲ್ಲೇ ಅನಿಸಿತು.

ಪಂಚನಾಮೆ ಮುಗಿಸಿ ಹೊರಬರುವಾಗ ಸ್ಕ್ಯಾನಿಂಗ್ ಮುಗಿಸಿಕೊಂಡ ಬಸುರಿಯೊಬ್ಬಳು ಸೆರಗು ಸರಿಪಡಿಸಿಕೊಳ್ಳುತ್ತ ತನ್ನ ಅತ್ತೆಗೆ ದೂರು ಹೇಳುತ್ತಿದ್ದಳು. "ಅಗದಿ ಬರ್ಫ ಇಟ್ಟಂಗಾತು ನೋಡ್ರಿ. ಚಂದ್ರವ್ವ ಇದ್ದಿದ್ರ ಬೆಚ್ಚಗ ಮಾಡಿ ಹಚ್ಚತಿದ್ಲು."

ಪೂರ್ಣಿಮಾ ನಿಂತಳು. "ಚಂದ್ರವ್ವ ಯಾರು?"

ಉತ್ತರ ಕೊಟ್ಟವನು ಬಾಗಿಲಲ್ಲಿದ್ದ ಗೌರೀಶ. ಅವನ ದನಿ ಬದಲಾಗಿತ್ತು. "ಆಯಾ ಅದಾಳ್ರಿ. ರಜಾ ಮ್ಯಾಲೆ ಹೋಗ್ಯಾಳ. ಆಕಿಗೇನೂ ಗೊತ್ತಿಲ್ರಿ ಮೇಡಮ್, ಆಕಿನ್ನ ಬಿಟ್ಟುಬಿಡ್ರಿ."

"ರಜಾ ಆಕಿ ಕೇಳಿದ್ಲೋ, ನೀ ಕಳಿಸಿದ್ಯೋ?"

ಅವನು ಒಳಗೆ ಸರಿದ. ಬಾಳಾಸಾಹೇಬ ಆಸ್ಪತ್ರೆಯ ಕಚೇರಿಯಲ್ಲಿ ವಿಚಾರಿಸಿ ಬಂದ. ಚಂದ್ರವ್ವ ಕಣಕುಂಬಿಯವಳು, ಈಗ ಇರುವುದು ಖಾನಾಪುರದಲ್ಲಿ, ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಾಳೆ. ಗೌರೀಶ ಅವಳ ಅಕ್ಕನ ಮಗ. ಅಕ್ಕ ಸತ್ತಾಗ ಅವನಿಗೆ ನಾಲ್ಕು ವರ್ಷ. ಅಂದಿನಿಂದ ಸಾಕಿ, ಓದಿಸಿ, ಈ ಕೆಲಸಕ್ಕೆ ಹಚ್ಚಿದವಳು ಇವಳೇ.

ಮರುದಿನ ಸಂಕ್ರಮಣ. ಹಬ್ಬದ ದಿನವೂ ಜೀಪು ಹತ್ತಬೇಕಾಯಿತಲ್ಲ ಎಂದು ಬಾಳಾಸಾಹೇಬ ಖಾನಾಪುರದವರೆಗೆ ಮರಾಠಿಯಲ್ಲಿ ಗೊಣಗಿದ. ಅಲ್ಲಿಯ ಠಾಣೆಗೆ ತಿಳಿಸಿ, ಓಣಿಯ ಇಬ್ಬರು ಹಿರಿಯರನ್ನು ಪಂಚರನ್ನಾಗಿ ಕರೆದುಕೊಂಡು ಚಂದ್ರವ್ವನ ಮನೆಗೆ ಹೋದರು. ಐವತ್ತೈದರ ಹೆಂಗಸು. ಪೊಲೀಸರನ್ನು ಕಂಡು ಹೆದರುವ ಬದಲು ಬಟ್ಟಲು ಹಿಡಿದುಕೊಂಡೇ ಹೊರಬಂದಳು.

"ಬರ್ರಿ ಯವ್ವಾ, ಒಳಗ ಕುಂದರ್ರಿ. ಮೊದ್ಲ ಎಳ್ಳುಬೆಲ್ಲ ತಗೋರಿ. ಎಳ್ಳುಬೆಲ್ಲದಂಗ ಇರೂಣು."

ಪೂರ್ಣಿಮಾ ಎಳ್ಳುಬೆಲ್ಲ ತೆಗೆದುಕೊಂಡಳು. ತೆಗೆದುಕೊಳ್ಳದಿದ್ದರೆ ಚೆನ್ನಾಗಿತ್ತು ಎಂದು ಮುಂದೆ ಅರ್ಧ ತಾಸಿನಲ್ಲೇ ಅನಿಸಿತು.

"ಸ್ಕ್ಯಾನಿಂಗ್ ಜೆಲ್ ಬೆಚ್ಚಗ ಮಾಡಾಕಿ ನೀವs ಏನ್ರಿ?"

"ನಾನs ರಿ. ನಮ್ಮ ಕಣಕುಂಬಿ ಕಡೆ ಬಸರ ಹೆಣ್ಮಕ್ಕಳು ಈ ಥಂಡ್ಯಾಗ ಎರಡು ತಾಸು ಬಸ್ಸಿನ್ಯಾಗ ನಡಗಕೋತ ಬರ್ತಾರ. ಹೊಟ್ಟಿ ಮ್ಯಾಲೆ ಆ ತಣ್ಣಂದು ಬಿದ್ರ ಜೀವ ಝಲ್ ಅಂತೈತಿ. ಅದಕ್ಕ ಬಕೀಟಿನಾಗ ನೀರು ಬೆಚ್ಚಗ ಮಾಡಿ ಬಾಟ್ಲಿ ಮುಳುಗಿಸಿ ಇಡತೇನಿ. ಮುಂಜಾನಿಂದ ಸಂಜಿತನಾ ಬೆಚ್ಚಗ ಇರತಾವು."

"ಜೆಲ್ ಗಟ್ಟಿ ಆದ್ರ?"

"ಅದs ಬಕೀಟಿನ ನೀರು ಒಂಚೂರು ಹಾಕಿ ಅಲಗಾಡಸ್ತೇನಿ."

"ಬಾಟ್ಲಿ ಖಾಲಿ ಆದ್ರ?"

"ದೊಡ್ಡ ಕ್ಯಾನಿನಾಗಿಂದು ತುಂಬತೇನಿ. ತೊಳ್ಯೂದು ಯಾಕ್ರಿ? ಅದೂ ಜೆಲ್ಲೇ, ಇದೂ ಜೆಲ್ಲೇ. ಡಾಕ್ಟರಂತೂ ಬಂದವ್ರ ಮುಂದೆಲ್ಲಾ ಹೇಳತಾರ, ನಮ್ಮಲ್ಲೆ ಚಂದ್ರವ್ವನ ಬಿಸಿ ಜೆಲ್ ಐತಿ, ಹೆದರಬ್ಯಾಡ್ರಿ ಅಂತ."

ಕೂಸಿಗೆ ಹಾಲು ಬೆಚ್ಚಗೆ ಮಾಡಿದಷ್ಟೇ ಅಕ್ಕರೆಯಿಂದ ಮಾಡಿದ ಕೆಲಸ ಅದು. ಉಗುರುಬೆಚ್ಚಗಿನ ನೀರಿನಲ್ಲಿ ದಿನವಿಡೀ ನಿಂತ, ತೊಳೆಯದೆ ಮತ್ತೆ ಮತ್ತೆ ತುಂಬಿದ ಬಾಟಲಿಯಲ್ಲಿ ಏನು ಬೆಳೆದಿರಬಹುದೆಂದು ಎಣಿಸಿ ಪೂರ್ಣಿಮಾಳ ಬಾಯಲ್ಲಿದ್ದ ಬೆಲ್ಲ ಕಹಿಯಾಯಿತು. ಕೇಳಬೇಕಾದ ಪ್ರಶ್ನೆ ಇನ್ನೂ ಒಂದಿತ್ತು.

"ಆ ಹಳೇ ಬಾಟ್ಲಿ ಏನಾದ್ವು?"

"ಗೌರೀಶ ಶನಿವಾರ ಎಲ್ಲಾ ತಗೊಂಡು ಕಸದ ಡಬ್ಬಿಗೆ ಹಾಕಿದ. ಅರ್ಧರ್ಧ ತುಂಬಿದ್ವು. ಯಾಕೋ ತಮ್ಮಾ ಅಂದ್ರ ಉತ್ತರ ಕೊಡಲಿಲ್ಲ, ನೀ ಹಬ್ಬಕ್ಕ ಮನಿಗೆ ಹೋಗು ಅಂದ. ಚಲೋ ಬಾಟ್ಲಿ, ಚೆಲ್ಲಾಕ ನನಗ ಮನಸ್ಸು ಬರಲಿಲ್ಲ. ಮೂರು ಎತ್ತಿಕೊಂಡು ಬಂದೇನಿ. ತೊಳದು ಎಣ್ಣಿ ಹಾಕಿಡೂಣು ಅಂತ. ಹಬ್ಬದ ಗಡಿಬಿಡ್ಯಾಗ ಇನ್ನೂ ತೊಳದಿಲ್ಲ. ತರಲೇನ್ರಿ?"

ಅವಳು ತಾನೇ ತಂದು ಇಟ್ಟಳು. ಒಂದರಲ್ಲಿ ಅರ್ಧಕ್ಕಿಂತ ಹೆಚ್ಚು ಜೆಲ್ ಇತ್ತು. ಪಂಚರ ಎದುರು ಮೂರನ್ನೂ ಸೀಲು ಮಾಡಿ, ಪಂಚನಾಮೆ ಓದಿ ಹೇಳಿ, ಅವಳ ಸಹಿ ಪಡೆದರು. "ಕಳವು ಮಾಡಿದಂಗಾತೇನ್ರಿ ಇದು?" ಎಂದು ಅವಳು ಆಗ ಮೊದಲ ಬಾರಿಗೆ ಹೆದರಿ ಕೇಳಿದಳು.

"ಇಲ್ಲವ್ವಾ," ಎಂದಳು ಪೂರ್ಣಿಮಾ. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಆಗ ಧೈರ್ಯ ಬರಲಿಲ್ಲ.

ಜೀಪಿನಿಂದಲೇ ಡಾ. ನಾಗರತ್ನಾಗೆ ಫೋನು ಮಾಡಿ ನೀರು, ಬಕೀಟು, ಕ್ಯಾನು ಎಲ್ಲ ಹೇಳಿದಳು. "ಗೊತ್ತಾತು ಬಿಡ್ರಿ. ನೀರಿನ್ಯಾಗ ಬೆಳ್ಯೂ ಈ ಜಾತಿ ರೋಗಾಣುಗೆ ನಾ ಕೊಡಾಕತ್ತಿದ್ದ ಔಷಧ ನಾಟೂದs ಇಲ್ಲ. ಪ್ರಯೋಗಾಲಯದ ವರದಿಗೆ ಕಾಯಂಗಿಲ್ಲ, ಈಗಿಂದೀಗ ಬದಲು ಮಾಡತೇನಿ," ಎಂದಳು ವೈದ್ಯೆ.

16ರಂದು ಸರಕಾರಿ ಪ್ರಯೋಗಾಲಯದ ವರದಿ ಬಂತು. ಮೂರೂ ಬಾಟಲಿಗಳಲ್ಲಿ ನಾಗರತ್ನಾ ಅಂದಾಜು ಮಾಡಿದ್ದ ರೋಗಾಣುವೇ ಬೆಳೆದಿತ್ತು. ಅಷ್ಟರಲ್ಲಿ ಮಾಲಾಳ ಜ್ವರ ಇಳಿದಿತ್ತು. ಅಣ್ಣನನ್ನು ಗುರುತಿಸಿ ಗಂಜಿ ಬೇಡಿ ಕುಡಿದಳೆಂದು ಸುದ್ದಿ ಬಂತು. ಬಾಳಾಸಾಹೇಬ ಶಿವಲಿಂಗನಿಗೆ ಫೋನು ಮಾಡಿ, ಆ ಹೆಣ್ಣುಮಗಳು ಉಳಿದಳು, ನಿಮ್ಮವಳನ್ನು ಮಣ್ಣಿನಿಂದ ಎತ್ತುವ ಕೆಲಸ ಬೀಳದು ಎಂದು ಹೇಳಿದ. ಹೇಳಿ, ಮುಖ ತೊಳೆಯಲೆಂದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

17ರಂದು ಗೌರೀಶನನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಬಾಟಲಿಗಳ ಫೋಟೋ ನೋಡಿದ್ದೇ ಅವನು ಕುಸಿದು ಕುಳಿತ.

"ಇವು ಎಲ್ಲಿ ಸಿಕ್ಕವು?"

"ನಿನ್ನ ಚಿಗವ್ವನ ಮನ್ಯಾಗ. ಬಾಟ್ಲಿ ತಪ್ಪು ಅಂತ ನಿನಗ ಯಾವಾಗ ಗೊತ್ತಾತು?"

"ಹ್ವಾದ ವರ್ಷ ತರಬೇತಿಗೆ ಕಳಿಸಿದ್ರು. ಬಾಟ್ಲಿ ನೀರಾಗ ಇಡಬಾರದು, ಮತ್ತ ತುಂಬಬಾರದು, ಸೂಜಿ ಇದ್ರ ಪಾಕೀಟ ಒಡೀಬೇಕು ಅಂತ ಅಲ್ಲೇ ಹೇಳಿದ್ರು."

"ಬಂದು ಹೇಳಲಿಲ್ಲ?"

"ಡಾಕ್ಟರಿಗೆ ಹೇಳಿದ್ನಿ. ಇಷ್ಟು ವರ್ಷ ಏನಾಗೇತಿ ಅಂತ ನಕ್ಕರು. ಚಿಗವ್ವಗ ಹೇಳಾಕ ಹೋದ್ನಿ. ಅವತ್ತs ಮಹಿಳಾ ದಿನ ಅಂತ ಇದs ಕೆಲಸಕ್ಕ ಆಕಿಗೆ ಶಾಲು ಹೊದಿಸಿದ್ರು. ನಕ್ಕೋತ ಮನಿಗೆ ಬಂದ್ಲು. ಬಾಯಿ ಬರಲಿಲ್ರಿ."

"ಶನಿವಾರ?"

"ಪೂನಮ ಹ್ವಾದ ಸುದ್ದಿ ಶುಕ್ರವಾರ ಬಂತು. ಶನಿವಾರ ಮಾಲಾಗೂ ಜ್ವರ ಅಂತ ಫೋನ್ ಬಂತು. ತಿಳೀತು."

"ತಿಳದು, ಆ ಐಸಿಯುಗೆ ಒಂದು ಫೋನ್ ಮಾಡಾಕ ಆಗಲಿಲ್ಲ? ಆಕಿ ಸತ್ತಿದ್ರ?"

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಹೇಳಿದ್ರ ಚಿಗವ್ವಗ ಗೊತ್ತಾಗತಿತ್ತು, ತನ್ನ ಕೈಲೆ ಒಂದು ಜೀವ ಹೋತು ಅಂತ. ಆಕಿ ತಡಕೊಳ್ಳಾಂಗಿಲ್ರಿ. ನನಗ ಏನರೆ ಶಿಕ್ಷಾ ಆಗಲಿ. ಆಕಿಗೆ ಹೇಳಬ್ಯಾಡ್ರಿ ಮೇಡಮ್, ಕೈ ಮುಗೀತೇನಿ."

ಮಧ್ಯಾಹ್ನ ಮೂರೂಕಾಲಿಗೆ ಬಂಧನ ದಾಖಲಾಯಿತು. ಸಾಕ್ಷ್ಯನಾಶ, ನಿರ್ಲಕ್ಷ್ಯದಿಂದ ಸಾವು. ತಜ್ಞರ ಸಮಿತಿಗೆ ವರದಿ ಹೋಯಿತು, ಡಾ. ವಿನಯನಿಗೆ ನೋಟಿಸು ಹೋಯಿತು, ಸ್ಕ್ಯಾನಿಂಗ್ ಕೋಣೆಗೆ ಬೀಗ ಬಿತ್ತು. ಚಂದ್ರವ್ವನಿಗೆ ಇದು ತಪ್ಪೆಂದು ಹೇಳಿಕೊಡಬೇಕಾದವರು ಯಾರೂ ಹೇಳಿಕೊಟ್ಟಿರಲಿಲ್ಲ. ಪೂರ್ಣಿಮಾ ಅವಳ ಹೆಸರನ್ನು ಸಾಕ್ಷಿಗಳ ಕಡೆ ಬರೆದಳು. ಆದರೆ ಸಾಕ್ಷಿಯ ಹೇಳಿಕೆ ಆಗಬೇಕಾದರೆ ವಿಷಯ ಹೇಳದೆ ದಾರಿಯಿಲ್ಲ.

ಸಂಜೆ ಚಂದ್ರವ್ವ ಖಾನಾಪುರದಿಂದ ಬಂದಳು. ಪೂರ್ಣಿಮಾ ಬಾಗಿಲು ಹಾಕಿ, ಪಕ್ಕದಲ್ಲಿ ಕುಳಿತು, ಕೈ ಹಿಡಿದುಕೊಂಡು ಒಂದನ್ನೂ ಮುಚ್ಚಿಡದೆ ಹೇಳಿದಳು. ಚಂದ್ರವ್ವ ಅಳಲಿಲ್ಲ. "ಆ ಬಾಣಂತಿ ಕೂಸು ಯಾರ ಹಂತೇಕ ಐತ್ರಿ?" ಎಂದಳು.

"ಅಪ್ಪನ ಹಂತೇಕ."

"ಇನ್ನೊಬ್ಬಾಕಿ ಉಳದಾಳ, ಹೌದಲ್ರಿ?"

"ಉಳದಾಳ. ನೀವು ಬಾಟ್ಲಿ ಎತ್ತಿಟ್ಟಿದ್ದಕ್ಕ ಉಳದಾಳ."

ಆ ಮಾತು ಅವಳಿಗೆ ಸಮಾಧಾನ ತಂದಂತೆ ಕಾಣಲಿಲ್ಲ. ಎದ್ದು, ಲಾಕಪ್ಪಿನ ಕಡೆ ಹೋಗಬಹುದೇ ಎಂದು ಕೇಳಿದಳು. ಗೌರೀಶ ಸರಳು ಹಿಡಿದು ನಿಂತಿದ್ದ. ಅವಳ ಮುಖ ನೋಡಿ ಅವನಿಗೆ ಎಲ್ಲ ಅರ್ಥವಾಯಿತು.

"ಚಿಗವ್ವಾ, ನಿನಗ ತ್ರಾಸ ಆಗಬಾರದು ಅಂತ..."

"ನನಗ ತ್ರಾಸ ಆಗಬಾರದು ಅಂತ ಪರರ ಮಗಳನ್ನ ಸಾಯಾಕ ಬಿಟ್ಟಿದ್ದಿ," ಎಂದಳು ಚಂದ್ರವ್ವ. ದನಿ ಏರಲಿಲ್ಲ. "ನಾಕು ವರ್ಷದಾವ ಇದ್ದಾಗ, ನಿಮ್ಮವ್ವ ಸತ್ತಾಳಪ್ಪಾ ಅಂತ ನಿನಗ ನಾನs ಹೇಳೇನಿ. ಮುಚ್ಚಿಡಲಿಲ್ಲ. ನೀನು ತಡಕೊಂಡಿ. ನಾ ತಡಕೊಳ್ಳಾಂಗಿಲ್ಲ ಅಂತ ನಿನಗ ಯಾರ್ ಹೇಳಿದ್ರೋ?"

ಅವಳು ಸರಳಿನೊಳಗೆ ಕೈ ಹಾಕಿ ಅವನ ತಲೆ ಸವರಿ, ಬಾಳಾಸಾಹೇಬನನ್ನು ಶಿವಲಿಂಗನ ಮನೆಯ ದಾರಿ ಕೇಳಿದಳು. ಬಾಳಾಸಾಹೇಬ ಇನ್‌ಸ್ಪೆಕ್ಟರ್ ಮುಖ ನೋಡಿದ. ಸಾಕ್ಷಿಯಾದವಳು ದೂರುದಾರನ ಮನೆಗೆ ಹೋಗುವುದು ಸರಿಯಲ್ಲ, ಈಗ ಬೇಡ ಎಂದು ಪೂರ್ಣಿಮಾ ಹೇಳಬೇಕಾಯಿತು; ಹೇಳಿದಳು. ಚಂದ್ರವ್ವ ತಲೆಯಾಡಿಸಿ, ಠಾಣೆಯ ಬೆಂಚಿನ ಮೇಲೆ ಹೋಗಿ ಕುಳಿತು, "ಹಂಗಾದ್ರ ಅವ್ರು ಇಲ್ಲಿಗೆ ಬರೂತನಾ ಕಾಯತೇನಿ," ಎಂದಳು.