ಹಿತಾಸಕ್ತಿ ಇದೆ

"ಅವರು ನಿಮಗೆ ಸಂಬಂಧಿಕರಾ?" ಎಂದು ವಿಶ್ವವಿದ್ಯಾಲಯದ ಸಂಯೋಜಕಿ ಫೋನಿನಲ್ಲಿ ಕೇಳಿದಾಗ ಅವಳು ಕಾರ್ಖಾನೆಯಲ್ಲಿ ಹಲಗೆಯೊಂದಕ್ಕೆ ಮೀಟರ್ ಚುಚ್ಚಿ ತೇವ ನೋಡುತ್ತಿದ್ದಳು.

"ಯಾರು ಮೇಡಂ?"

"ನಿಮ್ಮ ವಿಭಾಗದ ಮುಖ್ಯಸ್ಥರು. ಕೊನೆಯ ವರದಿ ಅರ್ಧಂಬರ್ಧ ಕಳಿಸಿದ್ದಾರೆ. ಶಿಫಾರಸಿನ ಜಾಗ ಖಾಲಿ. 'ಅಭ್ಯರ್ಥಿಯ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇದೆಯೇ' ಅನ್ನೋ ಕಡೆ 'ಇದೆ' ಅಂತ ಬರೆದಿದ್ದಾರೆ. ಚಿಕ್ಕಪ್ಪನಾ? ದೊಡ್ಡಪ್ಪನ ಮಗನಾ?"

"ಯಾರೂ ಅಲ್ಲ."

"ಹಾಗಾದ್ರೆ ಕಣ್ತಪ್ಪಿನಿಂದ ಬರೆದಿರ್ಬೇಕು. ಕೇಳಿ ಸರಿಮಾಡಿಸಿ. ಶುಕ್ರವಾರದೊಳಗೆ ಶಿಫಾರಸು ಬರದಿದ್ರೆ ಕೆಲಸ ಕೈತಪ್ಪುತ್ತೆ."

ಕೆಲಸ ಕೈತಪ್ಪುತ್ತದೆ ಎಂದು ಕೇಳಿಯೂ ಎದೆ ಧಸಕ್ಕೆನ್ನಲಿಲ್ಲ. ಅವಳು ಮೀಟರಿನ ಅಂಕಿ ಬರೆದುಕೊಂಡು ಮುಂದಿನ ಹಲಗೆಗೆ ಹೋದಳು.

ಬಾಗಿಲು ತಯಾರಿಸುವ ಆ ಕಾರ್ಖಾನೆಗೆ ಅವಳನ್ನು ಕಳಿಸಿದ್ದು ವಿಶ್ವವಿದ್ಯಾಲಯವೇ. ಎರಡು ವರ್ಷದ ಒಪ್ಪಂದ. ಮರ ಬಿರುಕು ಬಿಡದಂತೆ ಒಣಗಿಸುವ ಬಗೆ ಕಂಡುಹಿಡಿಯಬೇಕು, ಪ್ರಾಧ್ಯಾಪಕರು ದಾರಿ ತೋರಿಸುತ್ತಾರೆ, ಕೊನೆಗೆ ಕಾರ್ಖಾನೆಯ ವಿಭಾಗದ ಮುಖ್ಯಸ್ಥ ಒಪ್ಪಿದರೆ ಅಲ್ಲೇ ಕಾಯಂ ಕೆಲಸ. ಬಂದ ಹೊಸತರಲ್ಲಿ ಅವಳು ಕಂಡ ಕಂಡ ಮರಕ್ಕೆಲ್ಲ ಮೀಟರ್ ಚುಚ್ಚುತ್ತಿದ್ದಳು. ಊಟದ ಮೇಜಿಗೂ ಒಮ್ಮೆ ಚುಚ್ಚಿದ ಮೇಲೆ ಎಲ್ಲರ ಬಾಯಲ್ಲೂ 'ಮೀಟರ್ ಮೇಡಂ' ಆದಳು.

ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಐದನೇ ದಿನಕ್ಕೇ ಅವಳು ಕೆಲಸಕ್ಕೆ ಬಂದಿದ್ದಳು. ಎಲ್ಲರೂ ಹತ್ತಿರ ಬಂದು ಸಮಾಧಾನ ಹೇಳಿದರು. ಮುಖ್ಯಸ್ಥ ಮಾತ್ರ ಒಂದು ಹಲಗೆ ತಂದು ಮುಂದಿಟ್ಟು, "ಇದರ ತೇವ ಎಷ್ಟಿದೆ ನೋಡಿ" ಎಂದಿದ್ದ. ಆಮೇಲೆ ಇನ್ನೊಂದು ತಂದ. ಸಂಜೆಯವರೆಗೆ ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಅಮ್ಮ ಹೋದಂದಿನಿಂದ ಊಟಕ್ಕೆ ರುಚಿಯಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಅಂಕಿಗಳು ಮಾತ್ರ ಸರಿಯಾಗಿ ಬರುತ್ತಿದ್ದವು.

ಫೋನ್ ಬಂದ ದಿನ ಊಟದ ಬಿಡುವಿನಲ್ಲಿ ಅವನನ್ನು ಹುಡುಕಿಕೊಂಡು ಹೋದಳು. ಒಣಗಿಸುವ ಕೋಣೆಯ ಬಾಗಿಲಿಗೆ ಎಣ್ಣೆ ಬಿಡುತ್ತ ನಿಂತಿದ್ದ.

"ಸರ್, ವರದಿಯಲ್ಲಿ ಏನೋ ತಪ್ಪಾಗಿದೆಯಂತೆ."

"ತಪ್ಪಾಗಿಲ್ಲ."

"ಹಿತಾಸಕ್ತಿ ಇದೆ ಅಂತ ಬರೆದಿದ್ದೀರಂತೆ."

"ಇದೆಯಲ್ಲ." ಅವನು ಅವಳ ಮುಖ ನೋಡಲಿಲ್ಲ. ಅವಳ ಕೈಯಲ್ಲಿದ್ದ ಮೀಟರನ್ನು ನೋಡಿದ, ಆಮೇಲೆ ಅದನ್ನು ಹಿಡಿದಿದ್ದ ಬೆರಳುಗಳನ್ನು. ಅವನ ಕಿವಿಯ ತುದಿ ಕೆಂಪಾಗಿತ್ತು. ಕೋಣೆಯ ಬಿಸಿಗೆ ಎನ್ನೋಣವೆಂದರೆ ಅಂದು ಕೋಣೆಗೆ ಕಾವು ಕೊಟ್ಟಿರಲಿಲ್ಲ. "ಫಾರಂ ಕೇಳಿತು. ಸುಳ್ಳು ಬರೆಯೋಕಾಗ್ಲಿಲ್ಲ. ನಿಮ್ಮ ಮೇಲೆ ಮನಸ್ಸಿಟ್ಟುಕೊಂಡು ನಾನೇ ಶಿಫಾರಸು ಬರೆದ್ರೆ ಅದಕ್ಕೇನು ಬೆಲೆ?"

"ನನಗೇ ಹೇಳ್ಬಹುದಿತ್ತಲ್ಲ."

"ನಿಮ್ಮ ಕೆಲಸ ನನ್ನ ಕೈಯಲ್ಲಿದ್ದಾಗ ಹೇಗೆ ಹೇಳ್ಲಿ? ಈಗ ಇಲ್ಲ. ಉತ್ಪಾದನಾ ವಿಭಾಗ ನೋಡ್ಕೊಳ್ಳೋ ಮೇಡಂಗೆ ಎಲ್ಲ ಹೇಳಿದೀನಿ. ನಿಮ್ಮ ಕೆಲಸ ಅವರಿಗೂ ಗೊತ್ತು. ಈಗಷ್ಟೇ ಅವರ ಶಿಫಾರಸು ಹೋಯ್ತು. ಇನ್ಮೇಲೆ ನೀವು ಅವರ ವಿಭಾಗ."

ಅವಳು ತನ್ನೊಳಗೆ ಹುಡುಕಿ ನೋಡಿದಳು. ನಾಚಿಕೆಯಿಲ್ಲ, ಖುಷಿಯಿಲ್ಲ, ಕೋಪವೂ ಇಲ್ಲ. ಇಂಥ ಮಾತಿಗೆ ಏನಾದರೂ ಆಗಬೇಕಿತ್ತು ಎಂಬುದು ಮಾತ್ರ ಗೊತ್ತಾಯಿತು.

"ನನಗೆ ಏನೂ ಅನ್ನಿಸ್ತಿಲ್ಲ ಸರ್. ನಿಮ್ಮ ಮೇಲಂತಲ್ಲ, ಯಾರ ಮೇಲೂ ಇಲ್ಲ. ಅಮ್ಮ ಹೋದ್ಮೇಲೆ ಹೀಗೇ."

"ಗೊತ್ತು. ನಾನು ಏನೂ ಕೇಳಿಲ್ಲವಲ್ಲ."

"ಕಾಯ್ತೀರಾ?"

"ಕಾಯ್ತೀನಿ ಅಂದ್ರೆ ಅದೊಂದು ಭಾರ ನಿಮ್ಮ ತಲೆ ಮೇಲೆ. ಇಲ್ಲೇ ಇರ್ತೀನಿ. ಹನ್ನೆರಡು ವರ್ಷದಿಂದ ಎಲ್ಲಿಗೂ ಹೋಗಿಲ್ಲ, ಹೋದ್ರೆ ಈ ಬಾಗಿಲು ಕಿರುಗುಟ್ಟುತ್ತೆ."

ಅವಳು ಹಿಂದಿರುಗಿ ನಾಲ್ಕು ಹೆಜ್ಜೆ ಹೋದಳು. ಮತ್ತೆ ಬಂದಳು.

"ಭಾನುವಾರ ನಮ್ಮನೆಗೆ ಬನ್ನಿ."

"ಯಾಕೆ?"

"ಅಪ್ಪ ಮಾತಾಡಲ್ಲ. ನಾನೂ ಆಡಲ್ಲ. ಟಿವಿ ಹಾಕ್ಕೊಂಡು ಸುಮ್ನೆ ಕೂತಿರ್ತೀವಿ."

"ನನಗೂ ಮಾತು ಅಷ್ಟಕ್ಕಷ್ಟೇ. ಬಂದು ಏನ್ ಮಾಡ್ಲಿ?"

"ಮೂರು ಜನ ಕೂತ್ಕೊಳ್ಳೋಣ."

ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ ಕೆಲಸ?" ಎಂದರು.

"ಮರ ಒಣಗಿಸ್ತೀನಿ."

"ಬೇಗ ಒಣಗುತ್ತಾ?"

"ಆತುರಪಟ್ರೆ ಸೀಳಿಹೋಗುತ್ತೆ, ಯಜಮಾನ್ರೇ. ಅದಕ್ಕೆಷ್ಟು ದಿನ ಬೇಕೋ ಅಷ್ಟು ಬಿಡ್ಬೇಕು."

ಅಪ್ಪ ಸೋಫಾದಲ್ಲಿ ಸರಿದು ಜಾಗ ಮಾಡಿಕೊಟ್ಟರು. ಅವನು ಕೂತ. ಕಾಫಿ ತಂದಿಟ್ಟ ಅವಳು, ಎದುರಿಗೆ ಕುರ್ಚಿ ಖಾಲಿಯಿದ್ದರೂ, ಅವನ ಪಕ್ಕದಲ್ಲಿ ಉಳಿದಿದ್ದ ಗೇಣು ಜಾಗದಲ್ಲೇ ಕೂತಳು. ಭುಜಕ್ಕೆ ಅವನ ತೋಳು ತಗುಲಿತು. ಅವನು ಗಾಬರಿಯಿಂದ ಮುದುರಿಕೊಳ್ಳಹೋದ.

"ಇರ್ಲಿ ಬಿಡಿ," ಎಂದಳು ಅವಳು, ಟಿವಿಯಿಂದ ಕಣ್ಣು ತೆಗೆಯದೆ.