ಹಲಗೂರು ಬಸ್‌ಸ್ಟ್ಯಾಂಡಿನವರೆಗೆ

ಅವ್ವನ ಬ್ಲೌಸ್ ಪೀಸ್ ಹಿಡಿದು ಬಂದ ಸ್ವರೂಪ್ ಜಗಲಿಯ ಕೆಳಗೇ ಕಾದು ನಿಂತ. ಹೊಲಿಗೆಯ ಹುಡುಗಿ ಗಗನ ಹೊರಗೆ ಬರಲೇ ಇಲ್ಲ. ಜಂಬದವಳು ಅಂದುಕೊಂಡ.

"ಅಷ್ಟೊಂದು ಗತ್ತಾ ನಿಮ್ಗೆ?" ಎಂದು ಕಿಟಕಿಯಲ್ಲಿ ಇಣುಕಿದ.

"ಗತ್ತಲ್ಲ, ಭಯ," ಅಂದಳು ಅವಳು, ಮಿಷನ್ನಿನಿಂದ ತಲೆಯೆತ್ತದೆ. "ಹೊಸ್ತಿಲು ದಾಟಿದ್ರೆ ಎದೆ ಹಿಡ್ಕತದೆ."

ಹಿಂದೊಮ್ಮೆ ಮಳವಳ್ಳಿ ಬಸ್ಸಿನಲ್ಲಿ ಉಸಿರು ಕಟ್ಟಿ ಬಿದ್ದಿದ್ದಳು. ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಹೃದಯಕ್ಕೇನೂ ಆಗಿಲ್ಲ, ಇದು ಆತಂಕದ ಕಾಯಿಲೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಅಂದಿನಿಂದ ಅವಳು ಮನೆ ಬಿಟ್ಟು ಕದಲಿರಲಿಲ್ಲ. ಬೀದಿಯವರು ಹುಚ್ಚಿ ಅನ್ನುತ್ತಿದ್ದರು.

ಸ್ವರೂಪ್ ನಗಲಿಲ್ಲ. ಅದಕ್ಕೇ ಅವಳಿಗೆ ಇಷ್ಟವಾದ. ಶಿವನಸಮುದ್ರದಲ್ಲಿ ಡ್ಯೂಟಿ ಮುಗಿಸಿ ದಿನಾ ಬರತೊಡಗಿದ, ಅಂಗಿಯ ಗುಂಡಿ ತಾನೇ ಕಿತ್ತುಕೊಂಡು.

"ಮತ್ತೆ ಕಿತ್ತೋಯ್ತಾ?" ಎಂದು ಅವಳು ಓರೆಗಣ್ಣಲ್ಲಿ ನೋಡುವಳು.

"ದಾರದ್ದೇ ತಪ್ಪು ಕಣಮ್ಮ," ಎನ್ನುವನು.

ಅವನೇ ಕೈಹಿಡಿದು ಜಗಲಿಗೆ ಇಳಿಸಿದ. ಆಮೇಲೆ ಬೀದಿ ನಲ್ಲಿಯವರೆಗೆ, ಜನವಿಲ್ಲದ ಹೊತ್ತು ನೋಡಿ. ತನಗಾಗಿಯೇ ಅಷ್ಟು ಕಾಳಜಿ ಎಂದು ಅವಳು ಕರಗಿಹೋಗಿದ್ದಳು.

"ಭಾನುವಾರ ಬಸ್‌ಸ್ಟ್ಯಾಂಡಿಗೆ ಒಬ್ಳೇ ಬಾ ನೋಡಾಣ," ಅಂದ ಒಂದು ದಿನ. "ಬಂದ್ರೆ ಅಲ್ಲೇ ಮದ್ವೆ ಮಾತು."

ಅವಳು ಹೋದಳು. ಗೋಡೆ ಹಿಡಿದು, ಬೆವೆತು, ಅಂಗಡಿಯೊಂದರ ಪಕ್ಕ ವಾಂತಿ ಮಾಡಿ, ದುಪಟ್ಟಾದಲ್ಲಿ ಬಾಯೊರೆಸಿಕೊಂಡು ಹೋದಳು. ಸ್ವರೂಪ್ ಗೆಳೆಯರ ಜೊತೆ ಟೀ ಕುಡಿಯುತ್ತಿದ್ದ. ನಿಜಕ್ಕೂ ಬಂದಾಳೆಂದು ಎಣಿಸಿರಲಿಲ್ಲ; ಅವಳನ್ನು ಕಂಡದ್ದೇ ಅವನ ಮುಖ ಕಪ್ಪಿಟ್ಟಿತು.

"ಬಂದೆ," ಎಂದು ನಗುತ್ತಾ ಅವನ ತೋಳು ಹಿಡಿದಳು.

"ಯಾರ್ಲಾ ಇವ್ಳು? ಆ ಹುಚ್ಚಿ ಅಲ್ವಾ?" ಎಂದ ಗೆಳೆಯ ಸಿದ್ದರಾಜು.

ಸ್ವರೂಪ್ ತೋಳು ಬಿಡಿಸಿಕೊಂಡ. "ನಮ್ಮವ್ವನ ಬ್ಲೌಸ್ ಹೊಲಿಯೋಳು ಕಣ್ಲಾ. ತಲೆ ನೆಟ್ಟಗಿಲ್ಲ, ಪಾಪ. ಸಲುಗೆ ಕೊಟ್ರೆ ಇಲ್ಲಿಗೂ ಬಂದವ್ಳೆ."

ಅವರು ನಕ್ಕರು. ಅವನೂ ನಕ್ಕ.

ಬಂದ ದಾರಿಯಷ್ಟನ್ನೂ ಅವಳು ಒಬ್ಬಳೇ ವಾಪಸು ನಡೆಯಬೇಕಿತ್ತು. ನಡೆದಳು.

ಸಂಜೆ ಅವನು ಕಿಟಕಿ ಬಳಿ ಬಂದ. "ಬೇಜಾರ್ ಮಾಡ್ಕಬ್ಯಾಡ. ಅವ್ರ ಮುಂದೆ ಇನ್ನೇನು ಅನ್ಲಿ? ಬಾಗ್ಲು ತೆಗಿ, ಒಳಗೆ ಬತ್ತೀನಿ."

"ಬ್ಯಾಡ. ನಾನೇ ಆಚೆ ಬತ್ತೀನಿ."

ಬಂದು ಬೀದಿಯ ನಡುವೆ ನಿಂತಳು. ಎದುರು ಜಗಲಿಯ ಹೆಂಗಸರು ಮಾತು ನಿಲ್ಲಿಸಿದರು. ಅವಳ ಹಲ್ಲು ಕಟಕಟಿಸುತ್ತಿದ್ದವು.

"ನಂಗೆ ನೀನಂದ್ರೆ ಪ್ರಾಣ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಈಗ ನೀನು ಹೇಳು. ನಾನ್ಯಾರು ನಿಂಗೆ?"

ಸ್ವರೂಪ್ ಆ ಕಡೆ ನೋಡಿದ, ಈ ಕಡೆ ನೋಡಿದ. ಹಣೆಯಲ್ಲಿ ಬೆವರೊಡೆಯಿತು. "ಒಳಗೆ ನಡಿ, ಮಾತಾಡಾಣ," ಎಂದು ಪಿಸುಗುಟ್ಟಿದ. "ಜನ ನೋಡ್ತಾವ್ರೆ."

"ಇಲ್ಲೇ ಹೇಳು."

ಅವನು ಬೈಕ್ ಹತ್ತಿ ಹೊರಟುಹೋದ.

ಗಗನ ಅಲ್ಲೇ ಕುಸಿದು ಕೂತಳು. ಅವಳವ್ವ ವನಜಾ ಓಡಿಬಂದು ರಟ್ಟೆ ಹಿಡಿದಳು. "ಒಳಗೆ ಬಾ ಮಗಾ, ಎಲ್ರೂ ನೋಡ್ತಾವ್ರೆ."

"ನೋಡ್ಲಿ ಬುಡವ್ವ. ಉಸಿರು ಬರ್ಲಿ."

ಉಸಿರು ಮೆಲ್ಲಗೆ ಬಂತು. ಬೈಕು ತಿರುಗಿ ಬಂದೀತೇನೋ ಎಂದು ಅವಳ ಕಿವಿ ಇನ್ನೂ ಕಾಯುತ್ತಿತ್ತು. ಬರಲಿಲ್ಲ.