ಅವನ ಫೋನಿನಲ್ಲಿದ್ದ ಹಳೆಯ ಆ್ಯಪ್

'ನನಗೆ ಮೊಬೈಲ್ ಆ್ಯಪ್ ಮಾಡೋಕೆ ಬರಲ್ಲ...'

ಸುಕನ್ಯಾ ಮನಸ್ಸಿನೊಳಗೇ ಹೇಳಿಕೊಂಡಳು. ಹಂಪಿ ಪಕ್ಕದ ಕಡ್ಡಿರಾಂಪುರದಲ್ಲಿ, ಗೈಡ್‌ಗಳು ಸೇರುವ ರೇಣುಕಮ್ಮನ ಹೋಂಸ್ಟೇ ಮುಂದೆ ಆಟೊ ನಿಂತಿತ್ತು. ಇಳಿಯಲು ಕಾಲೇ ಬರುತ್ತಿರಲಿಲ್ಲ.

ವರ್ಷಗಟ್ಟಲೆ ಚಿತ್ತವಾಡ್ಗಿಯ ಮನೆಯಲ್ಲೇ ಕುಳಿತು ವೆಬ್‌ಸೈಟ್ ಮಾಡಿದವಳು ಅವಳು. ಆ ಕೆಲಸದಲ್ಲಿ ಅವಳಿಗೆ ಯಾವ ಅಳುಕೂ ಇರಲಿಲ್ಲ. ಆದರೆ ಹಂಪಿಯ ಗೈಡ್‌ಗಳು, ಬಂಡೆಗಳ ನಡುವೆ ಪ್ರವಾಸಿಗರಿಗೆ ದಾರಿ ತೋರಿಸುವ ಆ್ಯಪ್ ಬೇಕೆಂದಾಗ, 'ಬರಲ್ಲ' ಎನ್ನಲು ನಾಚಿ 'ಹೂಂ' ಎಂದುಬಿಟ್ಟಿದ್ದಳು. ಈಗ ಪಾಠದ ವಿಡಿಯೊ ನೋಡುತ್ತಾ ಕದ್ದು ಕಲಿಯುತ್ತಿದ್ದಳು.

"ಇಳೀರಿ ಮೇಡಂ. ಆಟೊದಾಗ ಮನಿ ಮಾಡೀರೇನು?"

ಅವಳು ತಲೆ ಎತ್ತಿದಳು. ರೇಣುಕಮ್ಮನ ಅಕ್ಕನ ಮಗ, ಗೈಡ್ ಕನಕರಾಜ್. ನಗುವ ಕಣ್ಣು... ಆ ಕಣ್ಣಿನೆದುರು ಅವಳಿಗೆ ತನ್ನ ಹೆಸರೇ ಮರೆತುಹೋಯಿತು!

"ಮೇಡಂಗೆ ಮಾತು ತುಟ್ಟಿ ಐತಿ, ಚಿಗವ್ವಾ," ಎಂದು ಒಳಗೆ ಕೂಗಿದ.

"ನಿನ್ನಂಗ ಎಲ್ರೂ ಒದರಬೇಕೇನಲೇ? ಬಾರವ್ವಾ, ಚಾ ಕುಡಿ," ಎಂದಳು ರೇಣುಕಮ್ಮ.

ಆಮೇಲೆ ಸುಕನ್ಯಾ ವಾರವಾರವೂ ಬಂದಳು. ಆ್ಯಪ್ ಹಿಡಿದು ಬಂಡೆಗಳೊಳಗೆ ಹೋಗಿ ನೋಡಿ ಬರುವುದು ಕನಕರಾಜನ ಕೆಲಸ.

"ನೆಟ್‌ವರ್ಕ್ ಹೋದ ಕೂಡ್ಲೇ ನಕ್ಷೆ ಬೆಳ್ಳಗಾಗ್ತೈತ್ರಿ," ಎಂದಿದ್ದ ಒಮ್ಮೆ.

ಅವಳು ಎರಡು ದಿನ ಕುಳಿತು, ನಕ್ಷೆ ಫೋನಿನೊಳಗೇ ಉಳಿಯುವಂತೆ ಮಾಡಿದಳು. ಫೋನ್ ಮಾಡಿ ಹೇಳಿದಳು. "ಸರಿ ಮಾಡೀನ್ರಿ. ನಿಮಗ ಗೊತ್ತಿರೋ ದಾರಿ ಹಿಡೀಬ್ಯಾಡ್ರಿ. ಅದು ತೋರಿಸಿದಂಗ ಹೋಗ್ರಿ. ಅಂದ್ರನ ತಪ್ಪು ತಿಳೀತೈತಿ."

"ನೀವು ಹೇಳಿದ ಮ್ಯಾಗ ಮುಗೀತ್ರಿ."

ಮರುದಿನ ಸಂಜೆ ರೇಣುಕಮ್ಮನ ಫೋನ್ ಬಂತು. "ಕನಕ ಮಧ್ಯಾಹ್ನ ಹೋದಾಂವ ಇನ್ನಾ ಬಂದಿಲ್ಲವ್ವಾ! ಫೋನೂ ಹತ್ತವಲ್ದು..."

ಸುಕನ್ಯಾ ಲ್ಯಾಪ್‌ಟಾಪ್ ತೆರೆದಳು. ಅವನ ಫೋನು ಕೊನೆಯದಾಗಿ ಕಳಿಸಿದ ಜಾಗ ಪರದೆಯ ಮೇಲಿತ್ತು, ಬಾಳೆತೋಟದ ಹಿಂದಿನ ಗುಡ್ಡ. ಅದರ ಪಕ್ಕದಲ್ಲಿ ಆ್ಯಪ್‌ನ ಆವೃತ್ತಿ.

ಹಳೆಯದು!

ವೆಬ್‌ಸೈಟಾದರೆ ತಪ್ಪು ತಿದ್ದಿ ಸರ್ವರ್‌ಗೆ ಹಾಕಿದರೆ ಮುಗಿಯಿತು. ಮುಂದೆ ತೆರೆದವರಿಗೆಲ್ಲ ಹೊಸದೇ ಸಿಗುತ್ತದೆ. ಆ್ಯಪ್ ಹಾಗಲ್ಲ. ಅದು ಅವನ ಫೋನಿನೊಳಗೇ ಕುಳಿತಿದೆ, ಅವನು ಅಪ್‌ಡೇಟ್ ಮಾಡುವ ತನಕ ಹಳೆಯದಾಗಿಯೇ. ಪಾಠದಲ್ಲಿ ಕೇಳಿದ್ದಳು. ಆದರೂ ಕೈಗೆ ಹತ್ತಿದ ಹಳೆಯ ರೂಢಿ... ಅಪ್‌ಡೇಟ್ ಮಾಡಿ ಎಂದು ಹೇಳಲೇ ಇಲ್ಲ!

'ದೇವರೇ... ಅವರಿಗೆ ಏನಾದರೂ ಆದರೆ?'

ಆಟೊ ಹಿಡಿದು ಓಡಿದಳು. ರೇಣುಕಮ್ಮ ಕೋಲು, ಬ್ಯಾಟರಿ ಹಿಡಿದು ಕಾಯುತ್ತಿದ್ದಳು. "ಹೊತ್ತು ಮುಳುಗಿದ್ರ ಕರಡಿ ಇಳೀತಾವವ್ವಾ, ಜಲ್ದಿ ನಡಿ."

ಬಾಳೆತೋಟ ದಾಟಿದರು. ಬಂಡೆಗಳ ನೆರಳು ಒಂದರ ಮೇಲೊಂದು ಬೀಳುತ್ತಿತ್ತು. ಪೊದೆಯಲ್ಲಿ ಏನೋ ಸರಿದರೂ ಅವಳ ಎದೆ ಝಲ್ಲೆನ್ನುತ್ತಿತ್ತು. ಮನೆಯಲ್ಲಿ ಗಟ್ಟಿಯಾಗಿ ಸೀನಲೂ ಸಂಕೋಚಪಡುವ ಹುಡುಗಿ, ಗುಡ್ಡವೇ ನಡುಗುವಂತೆ ಕೂಗಿದಳು.

"ಕನಕರಾಜ್...! ಕನಕರಾಜ್...!"

"ಇಲ್ಲೇ ಅದೀನ್ರಿ! ಹಂಗ ಒದರಬ್ಯಾಡ್ರಿ, ಕರಡಿ ಊರು ಬಿಟ್ಟು ಹೋದಾವು!"

ಎರಡು ಬಂಡೆಗಳ ಸಂದಿಯಲ್ಲಿ ಕುಳಿತಿದ್ದ. ಪಾದ ಊದಿಕೊಂಡಿತ್ತು. ರೇಣುಕಮ್ಮ ಬೈಯುತ್ತಲೇ ಅವನ ತಲೆ ಸವರಿದಳು. ಆಮೇಲೆ, ಹೊತ್ತು ತರಲು ತೋಟದ ಆಳುಗಳನ್ನು ಕರೆಯಲು ಅವಸರದಿಂದ ಇಳಿದುಹೋದಳು.

ಇಬ್ಬರೇ ಉಳಿದರು. ಅವನ ನಗು ಆರಿತು.

"ನಕ್ಷೆ ಬೆಳ್ಳಗಾತ್ರಿ. ಬಂದೀತು ಅಂತ ಅದನ್ನ ನೋಡ್ತಾ ಹೆಜ್ಜಿ ಇಟ್ಟೆ, ಜಾರಿದೆ. ನನ್ನ ಗುಡ್ಡ ಇದು, ಕಣ್ಣು ಮುಚ್ಚಿ ಇಳೀತಿದ್ದೆ. ನೀವು ಹೇಳೀರಿ ಅಂತ..." ಊದಿದ ಪಾದದತ್ತ ನೋಡಿದ. "ಸರಿ ಮಾಡೀನಿ ಅಂದಿದ್ರಲ್ಲಾ. ಇಂವ ಒಬ್ಬ ಗೈಡ್ ಹುಡುಗ, ಇವಗ ಏನಾದ್ರ ಏನು ಅಂತ ಸುಮ್ನ ಹೇಳಿದ್ರೇನು?"

ಅವಳ ಕಣ್ಣು ತುಂಬಿತು. ಸುಮ್ಮನಿದ್ದರೆ ಅವನು ಅದನ್ನೇ ನಿಜವೆಂದುಕೊಳ್ಳುತ್ತಾನೆ...

"ಇಲ್ರೀ! ಹೊಸದು ಮಾಡಿದ್ದೆ. ನಿಮ್ಮ ಫೋನಿಗೆ ಬಂದಿರಲಿಲ್ಲ. ಅಪ್‌ಡೇಟ್ ಮಾಡ್ರಿ ಅನ್ನೋದು ನನಗ ಹೊಳೀಲಿಲ್ಲ. ನಾನಿನ್ನೂ ಕಲಿಯಾಕತ್ತೀನ್ರಿ."

ಅವನು ಬೆರಗಾಗಿ ನೋಡಿದ. "ಮೊದಲ ಹೇಳಬಾರದಿತ್ತೇನ್ರಿ?"

"ಹೇಳಿದ್ರ ಬ್ಯಾರೆಯವರನ್ನ ಹುಡುಕ್ತಿದ್ರಿ. ನಾನು ಇಲ್ಲಿಗೆ ಬರೋದು ನಿಂತುಹೋಗ್ತಿತ್ತು."

ಕನಕರಾಜನ ತುಟಿಯಂಚಿನಲ್ಲಿ ನಗು ಮೆಲ್ಲಗೆ ಮರಳಿತು. "ಚಿಗವ್ವನ ಚಾ ಅಷ್ಟು ಮಸ್ತ್ ಇರ್ತೈತೇನ್ರಿ?"

ಈ ಸಲ ಅವಳು ತಲೆ ತಗ್ಗಿಸಲಿಲ್ಲ.

"ನಿಮ್ಮನ್ನ ನೋಡಾಕ ಬರ್ತಿದ್ದೆ ರೀ."